ಕುಸುಬೆ ಹೂವಿನ ಕಷಾಯ: ಒಂದು ಸ್ಪಷ್ಟನೆ

ಕುಸುಬೆ ಹೂವಿನ ಕೆಂಪು ಬಣ್ಣ ರಕ್ತ ಶುದ್ಧಿ ಮಾಡುತ್ತದೆ, ಅದರ ಕಷಾಯ ಕುಡಿದವರು ಹೃದಯದ ಮಾತ್ರೆ ಬಿಡಬಹುದು ಎಂಬ ಸಂದೇಶ ಕಲಬುರಗಿ, ಯಾದಗಿರಿ ಕಡೆ ಹರಿದಾಡುತ್ತಿದ್ದು, ಅದು ಸರಿಯಲ್ಲ. ಎಸಳನ್ನು ನೀರಿನಲ್ಲಿ ನೆನೆಸಿದರೆ ಬಿಡುವುದು ಹಳದಿ. ಕಾರ್ಥಮಿನ್ ಎಂಬ ಕೆಂಪು ವರ್ಣಕ ಬಹುಪಾಲು ಎಸಳಿನಲ್ಲೇ ಉಳಿದು, ಸೋಡಾ ಬೆರೆಸಿದ ನೀರಿಗೆ ಮಾತ್ರ ಇಳಿಯುತ್ತದೆ, ಹುಳಿ ಹಿಂಡಿದಾಗ ಕೆಂಪಾಗಿ ತಳ ಸೇರುತ್ತದೆ. ಕಷಾಯಕ್ಕೆ ಇಳಿಯದ ಬಣ್ಣ ರಕ್ತಕ್ಕೆ ಹೇಗೆ ಸೇರೀತು? ಹಾಗೆಂದು ಮಾತು ಪೂರ್ತಿ ನಿರಾಧಾರವೂ ಅಲ್ಲ: ಹಳದಿ ಭಾಗದ ಹೈಡ್ರಾಕ್ಸಿಸ್ಯಾಫ್ಲರ್ ಯೆಲ್ಲೋ ಎ ಎಂಬ ಸಂಯುಕ್ತ ರಕ್ತ ಹೆಪ್ಪುಗಟ್ಟುವುದನ್ನು ತಗ್ಗಿಸುವ ಗುಣವನ್ನು ಪ್ರಯೋಗಾಲಯದಲ್ಲಿ ತೋರಿದ್ದು, ಚೀನಾದಲ್ಲಿ ಶುದ್ಧೀಕರಿಸಿದ ಕುಸುಬೆ ಹಳದಿಯನ್ನು ಹೃದಯಸಂಬಂಧಿ ಎದೆನೋವಿಗೆ ಚುಚ್ಚುಮದ್ದಾಗಿ ಬಳಸುತ್ತಾರೆ. ಅಳತೆಯಿಲ್ಲದ ಮನೆಯ ಕಷಾಯ ಅದಕ್ಕೆ ಸಮನಲ್ಲ. ಬೀಜದಿಂದ ತೆಗೆಯುವ ನಮ್ಮ ಕುಸುಬೆ ಎಣ್ಣೆಗಂತೂ ಈ ವರ್ಣಕಗಳ ಸಂಬಂಧವೇ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನಂಥ ಮಾತ್ರೆ ನುಂಗುವವರಿಗೆ ಈ ಕಷಾಯದಿಂದ ರಕ್ತಸ್ರಾವದ ಅಪಾಯ ಹೆಚ್ಚಬಹುದು, ಗರ್ಭಿಣಿಯರು ಇದನ್ನು ಸೇವಿಸಕೂಡದು.