ತಡ ಆಗಲಿ, ಒಂದು ಮಾತು ಹೇಳಿ

ಪುಟ್ಟ ಸೈನಿಕ ಗೊಂಬೆಗಳನ್ನು ಎರಕ ಹೊಯ್ದು ಮಾರುವ ಒಬ್ಬರಿಂದ ಇವತ್ತು ಬೆಳಗ್ಗೆ ಬಂದ ಒಂದು ಮೇಲ್ ನೋಡಿ ತಲೆ ಕೆಟ್ಟುಹೋಗಿದೆ. "ನಮ್ಮದು ಚಿಕ್ಕ ವ್ಯವಹಾರ. ದಯವಿಟ್ಟು ಅರ್ಥ ಮಾಡಿಕೊಳ್ಳಿ. ನಿಮ್ಮ ಆರ್ಡರ್ ಸರದಿಯಲ್ಲಿದೆ." ಅಷ್ಟೇ. ತಿಂಗಳುಗಟ್ಟಲೆ ಕಾದು, ಮತ್ತೆ ಮತ್ತೆ ಕೇಳಿ, ಕೊನೆಗೆ ಸಿಕ್ಕ ಮೊದಲ ಉತ್ತರ ಇದು. ಯಾವ ಸರದಿ? ನನ್ನ ಮುಂದೆ ಎಷ್ಟು ಜನ ಇದ್ದಾರೆ? ಗೊಂಬೆಗಳ ಎರಕ ಆಗಿದೆಯೋ ಇಲ್ಲವೋ? ಒಂದಕ್ಕೂ ಉತ್ತರವಿಲ್ಲ. ಅರ್ಥ ಮಾಡಿಕೊಳ್ಳಬೇಕಂತೆ. ಏನನ್ನೂ ಹೇಳದೆ ಏನನ್ನು ಅರ್ಥ ಮಾಡಿಕೊಳ್ಳಲಿ?

ನನ್ನ ವಾರ್‌ಗೇಮಿಂಗ್ ಹುಚ್ಚು, ಅಂದರೆ ಪುಟ್ಟ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ ಹಳೆಯ ಕದನಗಳನ್ನು ಆಡುವ ಹುಚ್ಚು, ನಿಮಗೆಲ್ಲ ಗೊತ್ತೇ ಇದೆ. ಸದ್ಯ ಕೈಯಲ್ಲಿರುವುದು ಗ್ರೇಟ್ ನಾರ್ದರ್ನ್ ವಾರ್. 1700ರಿಂದ 1721ರವರೆಗೆ ಸ್ವೀಡನ್ ಒಂದು ಕಡೆ, ರಷ್ಯಾ ಮತ್ತು ಅದರ ಜೊತೆಗಾರರು ಇನ್ನೊಂದು ಕಡೆ ನಿಂತು ಹೊಡೆದಾಡಿದ ಯುದ್ಧ. 1709ರ ಪೋಲ್ಟಾವಾ ಕದನವನ್ನು ಮೇಜಿನ ಮೇಲೆ ಕಟ್ಟಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಬೇರೆ ಬಹುತೇಕ ಸೈನ್ಯಗಳು ಉದ್ದ ಈಟಿಯನ್ನು ಕೈಬಿಟ್ಟಿದ್ದ ಕಾಲದಲ್ಲೂ ಸ್ವೀಡನ್ ಬಿಟ್ಟಿರಲಿಲ್ಲ. ಅವರ ಕಾಲಾಳುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಈಟಿಯವರೇ. ಅಂದರೆ ನನಗೆ ಈಟಿ ಹಿಡಿದವರು ಬೇಕು, ಜಾಸ್ತಿನೇ ಬೇಕು. ಇವನ್ನು ದೊಡ್ಡ ಕಂಪನಿಗಳು ಮಾಡುವುದು ಅಪರೂಪ. ಯಾಕೆ ಮಾಡಬೇಕು? ಕೊಳ್ಳುವವರು ಕೈಬೆರಳೆಣಿಕೆ. ಹಾಗಾಗಿ ನಮ್ಮಂಥವರಿಗೆ ಚಿಕ್ಕ ತಯಾರಕರೇ ಗತಿ. ಒಬ್ಬ ಶಿಲ್ಪಿ, ಒಂದು ಎರಕದ ಯಂತ್ರ, ಪ್ಯಾಕ್ ಮಾಡೋಕೆ ಮನೆಯವರು ಯಾರಾದರೂ ಒಬ್ಬರು.

ಈ ಕೆಲಸ ಹೇಗೆ ನಡೆಯುತ್ತದೆ ಅಂತ ತಿಳಿಯದೆ ರೇಗುತ್ತಿದ್ದೇನೆ ಅಂದುಕೊಳ್ಳಬೇಡಿ. ಚೆನ್ನಾಗಿ ಗೊತ್ತು. ಮೊದಲು ತಂತಿಯ ಅಸ್ಥಿಪಂಜರದ ಮೇಲೆ ಎಪಾಕ್ಸಿ ಪುಟ್ಟಿ (ಕಲಸಿದ ಮೇಲೆ ಗಟ್ಟಿಯಾಗುವ ಹಿಟ್ಟಿನಂಥ ವಸ್ತು) ಮೆತ್ತಿ, ಸೂಜಿಯಂಥ ಸಲಕರಣೆಯಲ್ಲಿ ಮುಖ, ಗುಂಡಿ, ಬೆಲ್ಟು ಎಲ್ಲ ತಿದ್ದುತ್ತಾರೆ. ಆ ಮೂಲ ಗೊಂಬೆಯನ್ನು ರಬ್ಬರಿನ ಎರಡು ಬಿಲ್ಲೆಗಳ ನಡುವೆ ಇಟ್ಟು, ಬಿಸಿ ಮಾಡಿ, ಒತ್ತಿ, ಅಚ್ಚು ತೆಗೆಯುತ್ತಾರೆ. ಆಮೇಲೆ ಲೋಹ ಹರಿಯೋಕೆ, ಗಾಳಿ ಹೊರಗೆ ಹೋಗೋಕೆ ಚಾಕುವಿನಲ್ಲಿ ಸಣ್ಣ ಸಣ್ಣ ಕಾಲುವೆ ಕೊರೆಯಬೇಕು. ಅಚ್ಚನ್ನು ಯಂತ್ರದಲ್ಲಿ ಗರಗರ ತಿರುಗಿಸುತ್ತಾ ನಡುವಿನ ತೂತಿಗೆ ಕಾದ ಲೋಹ ಹೊಯ್ದರೆ, ತಿರುಗುವ ರಭಸಕ್ಕೆ ಅದು ಅಂಚಿನ ಕಡೆ ನುಗ್ಗಿ ಮೂಲೆ ಮೂಲೆ ತುಂಬುತ್ತದೆ. ಅಚ್ಚು ತಣ್ಣಗಿದ್ದರೆ ತುಂಬುವುದಿಲ್ಲ. ಕತ್ತಿಯ ತುದಿ ಮೊಂಡಾಗುತ್ತದೆ, ಟೋಪಿಯ ಅಂಚು ಹಾರಿಹೋಗುತ್ತದೆ. ಹೊಯ್ದು ಹೊಯ್ದು ರಬ್ಬರ್ ಸವೆಯುತ್ತದೆ, ಹರಿಯುತ್ತದೆ. ಆಗ ಹೊಸ ಅಚ್ಚು ತೆಗೆಯಬೇಕು.

ಪಟ್ಟಿಯಲ್ಲಿ ನೂರಾರು ಬಗೆಯ ಗೊಂಬೆ ಇರುವ ಒಬ್ಬ ಮನುಷ್ಯ ಎಲ್ಲವನ್ನೂ ಮೊದಲೇ ಹೊಯ್ದು ಡಬ್ಬಿ ತುಂಬಿಸಿಟ್ಟುಕೊಳ್ಳುವುದು ಸಾಧ್ಯವೇ ಇಲ್ಲ. ಒಂದೇ ಅಚ್ಚಿನ ಆರ್ಡರ್‌ಗಳು ನಾಲ್ಕಾರು ಸೇರಲಿ, ಆಮೇಲೆ ಹೊಯ್ಯೋಣ ಅಂತ ಕಾಯುತ್ತಾರೆ. ಅದು ಬುದ್ಧಿವಂತಿಕೆಯೇ. ಅದರ ಬಗ್ಗೆ ನನ್ನ ತಕರಾರು ಒಂಚೂರೂ ಇಲ್ಲ.

ತಕರಾರು ಇರುವುದು ಅದನ್ನು ಹೇಳದೇ ಇರುವುದರ ಬಗ್ಗೆ. ವೆಬ್‌ಸೈಟಿನಲ್ಲಿ ಗೊಂಬೆಯ ಚಿತ್ರ, ಕೆಳಗೆ ಬೆಲೆ, ಪಕ್ಕದಲ್ಲಿ ಕೊಳ್ಳುವ ಬಟನ್. ಒತ್ತಿದರೆ ದುಡ್ಡು ಆ ಕ್ಷಣವೇ ಹೋಗುತ್ತದೆ. "ಆರ್ಡರ್ ಬಂದ ಮೇಲೆ ಎರಕ ಹೊಯ್ಯುತ್ತೇವೆ, ಇಷ್ಟು ವಾರ ಹಿಡಿಯುತ್ತದೆ" ಅನ್ನುವ ಒಂದು ಸಾಲು ಎಲ್ಲೂ ಇಲ್ಲ. ಆ ಸಾಲು ಬರೆಯೋಕೆ ಎಷ್ಟು ಹೊತ್ತು ಬೇಕು? ಒಂದು ಸಲ ಬರೆದರೆ ಮುಗಿಯಿತು, ಮುಂದೆ ಬರುವ ಎಲ್ಲ ಗಿರಾಕಿಗಳಿಗೂ ಅದೇ ಉತ್ತರ. "ಎಲ್ಲಿದೆ ನನ್ನ ಪಾರ್ಸಲ್" ಅಂತ ಬರುವ ಮೇಲ್‌ಗಳಲ್ಲಿ ಅರ್ಧಕ್ಕರ್ಧ ಅಲ್ಲೇ ನಿಂತುಹೋಗುತ್ತವೆ. ಅವರಿಗೇ ಉಳಿತಾಯ ಅಲ್ವಾ?

ಇಷ್ಟು ಹೇಳಿದರೆ ಸಾಕು, ನಮ್ಮ ಆಟದ ಗೆಳೆಯರೇ ಮೈಮೇಲೆ ಬರುತ್ತಾರೆ. "ಪಾಪ, ಒಬ್ಬನೇ ಮಾಡೋದು." "ಹಗಲು ಬೇರೆ ಕೆಲಸ ಇರುತ್ತೆ." "ಹೀಗೆ ಬೈದರೆ ಮುಚ್ಚಿಕೊಂಡು ಹೋಗ್ತಾರೆ, ಆಮೇಲೆ ನಿಮಗೆ ಆ ಗೊಂಬೆ ಯಾರು ಕೊಡ್ತಾರೆ?" ಈ "ಪಾಪ" ಅನ್ನುವ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಯಾರೂ ಯಾರನ್ನೂ ಬೈಯುತ್ತಿಲ್ಲ. ನನ್ನ ದುಡ್ಡು ತೆಗೆದುಕೊಂಡವರು ನನ್ನ ವಸ್ತು ಎಲ್ಲಿದೆ ಅಂತ ಹೇಳಲಿ ಅಂತ ಕೇಳಿದರೆ ಅದು ಬೈಗುಳವಾ?

ಅವರ ಕಷ್ಟ ನಿಜ, ಒಪ್ಪುತ್ತೇನೆ. ಈಚಿನ ವರ್ಷಗಳಲ್ಲಿ ಈ ಚಿಕ್ಕವರ ಮೇಲೆ ಬಿದ್ದ ಪೆಟ್ಟು ಒಂದೆರಡಲ್ಲ. 2021ರ ಜನವರಿಯಿಂದ ಬ್ರಿಟನ್ ಮತ್ತು ಯುರೋಪಿನ ಒಕ್ಕೂಟದ ನಡುವೆ ಹೋಗುವ ಪಾರ್ಸಲ್‌ಗೆ ಕಸ್ಟಮ್ಸ್ ಕಾಗದ ಬೇಕಾಯಿತು. ಅದೇ ವರ್ಷದ ಜುಲೈನಲ್ಲಿ, ಹೊರಗಿನಿಂದ ಬರುವ 22 ಯೂರೋವರೆಗಿನ ಸಣ್ಣ ಪಾರ್ಸಲ್‌ಗಿದ್ದ ವ್ಯಾಟ್ ವಿನಾಯಿತಿಯನ್ನು ಒಕ್ಕೂಟ ತೆಗೆದುಹಾಕಿತು. 2024ರ ಡಿಸೆಂಬರ್ 13ರಿಂದ ಅಲ್ಲಿ ಉತ್ಪನ್ನ ಸುರಕ್ಷತೆಯ ಹೊಸ ನಿಯಮ ಜಾರಿಗೆ ಬಂತು. ಹೊರಗಿನ ತಯಾರಕ ಅಲ್ಲಿಗೆ ಮಾರಬೇಕಾದರೆ ಒಕ್ಕೂಟದ ಒಳಗೆ ಒಬ್ಬ ಜವಾಬ್ದಾರ ಪ್ರತಿನಿಧಿ ಇರಲೇಬೇಕು. ಒಬ್ಬಂಟಿ ತಯಾರಕ ಪ್ರತಿನಿಧಿಯನ್ನು ಎಲ್ಲಿಂದ ತರುತ್ತಾನೆ? 2025ರ ಆಗಸ್ಟ್ 29ಕ್ಕೆ ಅಮೆರಿಕ 800 ಡಾಲರ್‌ವರೆಗಿನ ಪಾರ್ಸಲ್‌ಗಿದ್ದ ಸುಂಕದ ವಿನಾಯಿತಿಯನ್ನು ಎಲ್ಲ ದೇಶಗಳಿಗೂ ನಿಲ್ಲಿಸಿದಾಗ, ಹಲವು ದೇಶಗಳ ಅಂಚೆ ಇಲಾಖೆಗಳೇ ಅಲ್ಲಿಗೆ ಪಾರ್ಸಲ್ ತೆಗೆದುಕೊಳ್ಳುವುದನ್ನು ಕೆಲಕಾಲ ನಿಲ್ಲಿಸಿದವು. ಶೆಡ್ಡಿನಲ್ಲಿ ಕೂತು ಗೊಂಬೆ ಮಾಡುವವನಿಗೆ ಇದೆಲ್ಲ ಎಂಥ ತಲೆನೋವು ಅಂತ ಯಾರಿಗಾದರೂ ಅರ್ಥವಾಗುತ್ತದೆ.

ಆದರೆ ನನಗೆ ಈ ನಿಯಮಗಳೆಲ್ಲ ಗೊತ್ತಾಗಿದ್ದಾದರೂ ಹೇಗೆ? ಚಿಕ್ಕ ತಯಾರಕರಿಂದಲೇ. "ನಿಯಮ ಬದಲಾಗಿದೆ, ಇಂಥ ದೇಶಗಳಿಗೆ ಸದ್ಯ ಕಳಿಸುತ್ತಿಲ್ಲ, ದುಡ್ಡು ವಾಪಸ್ ಬೇಕಾದವರು ಬರೆಯಿರಿ" ಅಂತ ಅವರೇ ಮೊದಲ ಪುಟದಲ್ಲಿ ಹಾಕಿದ್ದರು. ಅವರೂ ಒಬ್ಬಂಟಿಗಳೇ. ಅವರಿಗೂ ಅಷ್ಟೇ ಕಷ್ಟ. ಆದರೂ ಹೇಳಿದರು. ಹಾಗಿದ್ದ ಮೇಲೆ ಚಿಕ್ಕವರು ಅನ್ನುವುದು ಮೌನಕ್ಕೆ ಹೇಗೆ ಕಾರಣವಾಗುತ್ತದೆ?

ನನಗೆ ಬಹಳ ಇಷ್ಟವಾದ ಒಂದು ಪ್ರಸಂಗ ಹೇಳಲೇಬೇಕು. ಇನ್ನೊಬ್ಬ ಚಿಕ್ಕ ತಯಾರಕರಿಂದ ಕುದುರೆ ಸವಾರರನ್ನು ತರಿಸಿದ್ದೆ. ಅವರ ಲೋಹದ ಕುದುರೆಗಳು ಎಡ ಅರ್ಧ, ಬಲ ಅರ್ಧ ಅಂತ ಎರಡು ತುಂಡಾಗಿ ಬರುತ್ತವೆ, ನಾವು ಅಂಟಿಸಬೇಕು. ಪ್ಯಾಕೆಟ್ ಬಿಚ್ಚಿ ಜೋಡಿಸುತ್ತಾ ಹೋದರೆ ಒಂದು ಕುದುರೆಗೆ ಎರಡೂ ಎಡ ಅರ್ಧಗಳೇ. ಇನ್ನೊಂದರ ಮುಂಗಾಲು ಮೊಣಕಾಲಿನ ಕೆಳಗೆ ತುಂಬಿಯೇ ಇರಲಿಲ್ಲ. ಲೋಹ ಅಲ್ಲಿಗೆ ಬಂದು ನಿಂತು ದುಂಡಗಾಗಿತ್ತು. ಫೋಟೋ ತೆಗೆದು ಕಳಿಸಿದೆ. ಅದೇ ದಿನ ರಾತ್ರಿ ಉತ್ತರ ಬಂತು. ಎಡ ಬಲ ಅದಲುಬದಲಾಗಿದ್ದು ಪ್ಯಾಕ್ ಮಾಡುವಾಗಿನ ತಪ್ಪು, ಕ್ಷಮಿಸಿ. ಕಾಲಿನದು ಮಾತ್ರ ಬೇರೆ ವಿಷಯ, ಆ ಅಚ್ಚು ಸವೆದಿದೆ, ಹೊಸದು ತೆಗೆಯಬೇಕು, ಅದಕ್ಕೆ ಸಮಯ ಹಿಡಿಯುತ್ತದೆ, ಕಾಯುತ್ತೀರಾ ಅಂತ ಕೇಳಿದ್ದರು.

ಕಾಯುತ್ತೀರಾ ಅಂತ ಕೇಳಿದರು! ಖುಷಿಯಿಂದ ಕಾದೆ. ಆ ಅರ್ಧ ಕುದುರೆ ಬರೋಕೆ ಸಾಕಷ್ಟು ತಡವಾಯಿತು. ಒಂದು ದಿನವೂ ಬೇಜಾರಾಗಲಿಲ್ಲ. ಕವರಿನಲ್ಲಿ ಅರ್ಧ ಕುದುರೆಯ ಜೊತೆ ಒಂದು ಚೀಟಿ ಇತ್ತು. ಹೊಸ ಅಚ್ಚಿನಲ್ಲಿ ಗಾಳಿ ಹೋಗುವ ಕಾಲುವೆಯನ್ನು ಗೊರಸಿನವರೆಗೂ ಕೊರೆದಿದ್ದೇನೆ, ಇನ್ನು ತುಂಬುತ್ತದೆ ಅಂತ ಕೈಯಲ್ಲಿ ಬರೆದಿದ್ದರು. ಆ ಗೊರಸನ್ನು ಲೆನ್ಸ್ ಹಿಡಿದು ನೋಡಿದೆ. ಲಾಳದ ಅಂಚು ಕೂಡ ಮೂಡಿತ್ತು. ಅಂದಿನಿಂದ ಆ ಮನುಷ್ಯ ಏನು ಮಾಡಿದರೂ ಕೊಳ್ಳುತ್ತೇನೆ.

ಇನ್ನೊಂದು ವಿಷಯ. ಲೋಹದ ಗೊಂಬೆ ಕೆಟ್ಟರೆ ತಯಾರಕರಿಗೆ ಲೋಹ ನಷ್ಟವಾಗುವುದಿಲ್ಲ. ಹೊಯ್ದ ಕೂಡಲೇ ನೋಡಿ, ಸರಿಯಿಲ್ಲದ್ದನ್ನು ಮತ್ತೆ ಪಾತ್ರೆಗೆ ಹಾಕಿ ಕರಗಿಸಬಹುದು. ಕೆಲವರು ಗೊಂಬೆ ಮಾಡುವ ರೆಸಿನ್ ಅನ್ನುವ ಪ್ಲಾಸ್ಟಿಕ್ ಹಾಗಲ್ಲ, ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಗುಳ್ಳೆ ಬಂದ ತುಂಡು ಕಸಕ್ಕೇ. ಅದರ ಸಿಲಿಕೋನ್ ಅಚ್ಚಿನ ಆಯಸ್ಸೂ ಕಡಿಮೆ. ಅವರು ಬದಲಿ ಕಳಿಸೋಕೆ ಹಿಂದೆಮುಂದೆ ನೋಡಿದರೆ ನನಗೆ ಅರ್ಥವಾಗುತ್ತದೆ. ಆದರೆ ಲೋಹದವರು ತಲೆಯಿಲ್ಲದ ಗೊಂಬೆಯನ್ನು ಪ್ಯಾಕೆಟ್ಟಿಗೆ ಹಾಕಿ ಕಳಿಸಿ, ಆಮೇಲೆ ಸುಮ್ನೆ ಕೂರುವುದು ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಈಟಿಗಳದ್ದೂ ಇದೇ ಕಥೆ. ಅಷ್ಟುದ್ದದ ಈಟಿಯನ್ನು ಅದೇ ಮೆತ್ತನೆ ಲೋಹದಲ್ಲಿ ಹೊಯ್ದರೆ ಬಾಗಿ ಮುರಿಯುತ್ತದೆ. ಅದಕ್ಕೆ ಎಷ್ಟೋ ಜನ ಬೇರೆಯಾಗಿ ಗಟ್ಟಿ ತಂತಿ ಕೊಡುತ್ತಾರೆ, ನಾವು ಗೊಂಬೆಯ ಮುಷ್ಟಿಗೆ ತೂತು ಕೊರೆದು ಸಿಕ್ಕಿಸುತ್ತೇವೆ. ಕೆಲವರು ಕೊಡುವುದಿಲ್ಲ. ಕೊಡದಿದ್ದರೆ ಪರವಾಗಿಲ್ಲ, "ಈಟಿ ಸೇರಿಲ್ಲ" ಅಂತ ಹಾಕಿದರೆ ನಾನೇ ತಂತಿ ತಂದುಕೊಳ್ಳುತ್ತೇನೆ. ಆದರೆ ಚಿತ್ರದಲ್ಲಿ ಸಾಲುಸಾಲಾಗಿ ಈಟಿ ನಿಲ್ಲಿಸಿ, ಪ್ಯಾಕೆಟ್ಟಿನಲ್ಲಿ ಬರೀ ಮುಷ್ಟಿ ಕಳಿಸಿದರೆ? ಇಲ್ಲೂ ಬೇಕಾಗಿದ್ದದ್ದು ಒಂದು ಸಾಲು.

ಈ ಮಾಡುವವರ ಮೇಲೆ ನನಗಿರುವ ಗೌರವ ಸಣ್ಣದಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸುತ್ತಮುತ್ತ ಇಂಥ ತಯಾರಕರು ಎಷ್ಟಿದ್ದಾರೆ ಅಂದರೆ ಆ ಜಾಗಕ್ಕೆ ಲೆಡ್ ಬೆಲ್ಟ್ (ಸೀಸದ ಪಟ್ಟಿ) ಅಂತಲೇ ಹೆಸರು ಬಿದ್ದಿದೆ. ಅಲ್ಲಿ ಗೊಂಬೆ ಶಿಲ್ಪಿಗಳಾಗಿರುವ ಪೆರಿ ಅವಳಿ ಸಹೋದರರಲ್ಲಿ ಮೈಕೇಲ್ ಪೆರಿ 1996ರಲ್ಲಿ, ಹಳೆಯ ಕದನವೊಂದರ ಮರುಪ್ರದರ್ಶನದಲ್ಲಿ ತೋಪಿನ ಅಪಘಾತವಾಗಿ ಬಲಗೈ ಕಳೆದುಕೊಂಡರು. ಆಮೇಲೆ ಎಡಗೈಯಲ್ಲಿ ಶಿಲ್ಪ ಮಾಡೋದನ್ನು ಹೊಸದಾಗಿ ಕಲಿತರು. ಬೆರಳುದ್ದವೂ ಇಲ್ಲದ ಗೊಂಬೆಗಳನ್ನು! ಈ ಲೋಕದ ಜನರ ಶ್ರದ್ಧೆ ಅಂಥದ್ದು. ಅಷ್ಟು ಶ್ರದ್ಧೆಯಿಂದ ಮಾಡಿದ ವಸ್ತು ಗಿರಾಕಿಯ ಕೈ ಸೇರುವ ಹೊತ್ತಿಗೆ ಅವನ ಮನಸ್ಸು ಮುರಿದಿರಬಾರದು ಅನ್ನುವುದೇ ನನ್ನ ಸಂಕಟ.

ಚಿಕ್ಕವರು ಅನ್ನುವವರಿಗೆ ಇದೂ ಗೊತ್ತಿರಲಿ. ಈ ಗೊಂಬೆ ಆಟಗಳ ದೊಡ್ಡ ಬ್ರಿಟಿಷ್ ಕಂಪನಿ ಗೇಮ್ಸ್ ವರ್ಕ್‌ಶಾಪ್ ಅನ್ನು 1975ರಲ್ಲಿ ಶುರು ಮಾಡಿದ್ದು ಮೂವರು ಗೆಳೆಯರು. ಮರದ ಆಟದ ಹಲಗೆಗಳನ್ನು ಕೈಯಲ್ಲಿ ಮಾಡಿ, ತಾವಿದ್ದ ಫ್ಲ್ಯಾಟಿನಿಂದಲೇ ಮಾರುತ್ತಿದ್ದರು. 2024ರ ಕೊನೆಯಲ್ಲಿ ಅದೇ ಕಂಪನಿ ಲಂಡನ್ ಷೇರುಪೇಟೆಯ ಮೊದಲ ನೂರರ ಪಟ್ಟಿ ಸೇರಿತು. ಎಲ್ಲರೂ ಹಾಗೆ ಬೆಳೆಯಬೇಕು ಅಂತಲ್ಲ. ಎಷ್ಟೋ ಜನಕ್ಕೆ ಅದು ಬೇಕಾಗಿಯೂ ಇಲ್ಲ, ಬೇಡದಿದ್ದರೆ ಒಳ್ಳೆಯದೇ. ಆದರೆ ಚಿಕ್ಕವರಾಗಿರುವುದೇ ಒಂದು ಗುರಾಣಿ ಅಂತ ಹಿಡಿದು ನಿಂತರೆ ಸರಿಯಲ್ಲ.

ಇಷ್ಟು ಹೊತ್ತು ಇದನ್ನು ಬರೆಯೋಕೆ ಇನ್ನೊಂದು ಕಾರಣ ಇದೆ. ನಿಮ್ಮಲ್ಲಿ ಯಾರಿಗೂ ಹೇಳಿರಲಿಲ್ಲ. ನನ್ನ ಕಣ್ಣು ಸೋಲುತ್ತಿದೆ. 15 ಎಂಎಂ ಎತ್ತರದ ಗೊಂಬೆಗಳಿಗೆ ಬಣ್ಣ ಹಚ್ಚುವುದು ಬಿಟ್ಟೇಬಿಟ್ಟೆ. 28 ಎಂಎಂ ಗೊಂಬೆಯ ಕಣ್ಣಿಗೆ ಚುಕ್ಕೆ ಇಡೋಕೂ ಈಗ ಲೆನ್ಸ್ ಬೇಕು, ಪ್ರಖರವಾದ ದೀಪ ಬೇಕು, ಸಂಜೆಯಾದರೆ ಅದೂ ಆಗುವುದಿಲ್ಲ. ಇನ್ನೆಷ್ಟು ಕಾಲ ಈ ಕೆಲಸ ಮಾಡಬಲ್ಲೆ ಅಂತ ಗೊತ್ತಿಲ್ಲ. ಪೋಲ್ಟಾವಾ ಕಟ್ಟಿ ಮುಗಿಸಬೇಕು. "ಸ್ವಲ್ಪ ತಾಳ್ಮೆ ಇರಲಿ" ಅಂತ ಗೆಳೆಯರು ಸಲೀಸಾಗಿ ಹೇಳುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುವುದು ಇದಕ್ಕೇ. ನನ್ನ ಹತ್ತಿರ ತಾಳ್ಮೆ ಇದೆ. ಸಮಯ ಎಷ್ಟಿದೆ ಅಂತ ಗೊತ್ತಿಲ್ಲ. ಬರುವುದಿಲ್ಲ ಅಂತ ಹೇಳಿಬಿಟ್ಟರೆ ಬೇರೆಯವರ ಗೊಂಬೆ ತರಿಸಿ ಕೆಲಸ ಮುಂದುವರಿಸುತ್ತೇನೆ. ಬರುತ್ತದೋ ಇಲ್ಲವೋ ಗೊತ್ತಾಗದೆ ಅರ್ಧ ಸೈನ್ಯವನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂರುವುದು ಬಹಳ ಕಷ್ಟ.

ತಕರಾರು ಮಾಡಿದರೆ ಮುಚ್ಚಿಕೊಂಡು ಹೋಗುತ್ತಾರೆ ಅನ್ನುವ ಮಾತನ್ನಂತೂ ನಾನು ಒಪ್ಪುವುದಿಲ್ಲ. ಬರೆದು ಕೇಳುವ ಗಿರಾಕಿಗೆ ಆ ಗೊಂಬೆ ಇನ್ನೂ ಬೇಕು ಅಂತಲೇ ಅರ್ಥ. ಮಾತಾಡದೆ ಹೊರಟುಹೋದವನು ಮತ್ತೆ ಬರುವುದಿಲ್ಲ, ಯಾಕೆ ಹೋದ ಅಂತ ತಯಾರಕರಿಗೆ ತಿಳಿಯುವುದೂ ಇಲ್ಲ. "ಪಾಪ" ಅಂತ ನಾವು ಬಾಯಿ ಮುಚ್ಚಿಸಿದ ಪ್ರತಿಯೊಬ್ಬನೂ ಹಾಗೆ ಹೋಗುವವನೇ. ಅದರಿಂದ ಯಾರಿಗೆ ಉಪಕಾರ?

ಆ ಮೇಲ್‌ಗೆ ಈಗಷ್ಟೇ ಉತ್ತರ ಬರೆದೆ. ಎರಡೇ ಪ್ರಶ್ನೆ ಕೇಳಿದ್ದೇನೆ. ನನ್ನ ಈಟಿಯವರ ಎರಕ ಆಗಿದೆಯಾ? ಆಗಿಲ್ಲ ಅಂದರೆ ಸುಮಾರು ಯಾವ ತಿಂಗಳು ಆಗಬಹುದು? ಉತ್ತರ ಏನೇ ಇರಲಿ, ಎಷ್ಟೇ ದೂರದ ತಿಂಗಳಾಗಿರಲಿ, ಕಾಯೋಕೆ ಸಿದ್ಧ ಅಂತಲೂ ಬರೆದಿದ್ದೇನೆ. ಈ ವಾರದಲ್ಲಿ ಉತ್ತರ ಬಾರದಿದ್ದರೆ ದುಡ್ಡು ವಾಪಸ್ ಕೇಳುತ್ತೇನೆ.

ಅಷ್ಟರೊಳಗೆ ನೀವು ಒಂದು ಸಹಾಯ ಮಾಡಿ. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡುವ, ತಡವಾದರೆ ತಡ ಅಂತ ಹೇಳುವ ಚಿಕ್ಕ ತಯಾರಕರು ನಿಮಗೆ ಗೊತ್ತಿದ್ದರೆ ಅವರ ಹೆಸರು ಕೆಳಗೆ ಬರೆಯಿರಿ. ಯಾವ ಕಾಲದ ಸೈನ್ಯ ಮಾಡುತ್ತಾರೆ ಅಂತಲೂ ಹಾಕಿ. ರಷ್ಯಾ ಕಡೆಯ ಡ್ರ್ಯಾಗೂನ್‌ಗಳು, ಅಂದರೆ ಕುದುರೆ ಸವಾರ ಬಂದೂಕುಗಾರರು, ನನಗೆ ಇನ್ನೂ ಬೇಕಾಗಿದ್ದಾರೆ.