ಕ್ಯಾಮೆರಾ ಇಲ್ಲದ ಗೂಡು

"ಮಕ್ಕಳು ಎದ್ದವಾ?"

2025ರ ಮಾರ್ಚ್ ತಿಂಗಳಿಡೀ ರಾತ್ರಿ ಊಟ ಆದ ಮೇಲೆ ಅಮ್ಮ ಕೇಳುತ್ತಿದ್ದ ಪ್ರಶ್ನೆ ಇದು. ಮೊಮ್ಮಕ್ಕಳ ವಿಷಯ ಅಂದುಕೊಳ್ಳಬೇಡಿ. ಅವರಿಗೆ ಅದು ಮಲಗುವ ಹೊತ್ತು. ಅಮ್ಮನಿಗೆ ಬೇಕಾಗಿದ್ದದ್ದು ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಕಣಿವೆಯ ಹದ್ದಿನ ಮರಿಗಳ ಸುದ್ದಿ. ನಮಗೆ ರಾತ್ರಿ ಒಂಬತ್ತು ಅಂದರೆ ಅಲ್ಲಿ ಬೆಳಗಾಗಿರುತ್ತದೆ. ಸುಮಾರು 145 ಅಡಿ ಎತ್ತರದಲ್ಲಿ, ಪೈನ್ ಮರದ ಮೇಲೆ ಗೂಡು. ಗೂಡಿಗೆ ಮುಖ ಮಾಡಿ ಒಂದು ಕ್ಯಾಮೆರಾ. ಹಗಲು ರಾತ್ರಿ ಯೂಟ್ಯೂಬಿನಲ್ಲಿ ನೇರ ಪ್ರಸಾರ. ಇಲ್ಲಿ ಉಡುಪಿ ಹತ್ತಿರದ ಕಲ್ಯಾಣಪುರದ ನಮ್ಮ ಚಾವಡಿಯಲ್ಲಿ ಮಗ ಫೋನನ್ನು ಟಿ.ವಿ.ಗೆ ಜೋಡಿಸುತ್ತಿದ್ದ. ಅಮ್ಮ ವೀಳ್ಯದೆಲೆಯ ತಟ್ಟೆಯನ್ನು ಹತ್ತಿರ ಎಳೆದುಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ಧಾರಾವಾಹಿ ನಿಂತದ್ದು ಹೀಗೆ.

ಹೆಣ್ಣು ಹದ್ದಿನ ಹೆಸರು ಜಾಕಿ, ಗಂಡಿನದ್ದು ಶ್ಯಾಡೋ. ಬೇಟೆಯಾಡುವ ಹಕ್ಕಿಗಳಲ್ಲಿ ಸಾಮಾನ್ಯವಾಗಿ ಹೆಣ್ಣೇ ದೊಡ್ಡದು. ಅದನ್ನು ಕೇಳಿದ ದಿನ ಅಮ್ಮ ನನ್ನ ಹೆಂಡತಿಯ ಕಡೆ ನೋಡಿ ಸುಮ್ನೆ ನಕ್ಕರು. ಶ್ಯಾಡೋ ಮೀನು ತಂದರೆ ಜಾಕಿ ಕಾಲಿನಿಂದಲೇ ಕಸಿದುಕೊಳ್ಳುತ್ತದೆ. "ಸರಿ ಉಂಟು, ದುಡಿದದ್ದನ್ನು ಮನೆಗೆ ಕೊಡಬೇಕು" ಎಂದು ಅಮ್ಮನ ತೀರ್ಪು. ಅವೆರಡಕ್ಕೂ ಕಡ್ಡಿ ಇಡುವುದರಲ್ಲಿ ಜಗಳ ಜಾಸ್ತಿ. ಇವನು ಒಂದು ಉದ್ದದ ಕಡ್ಡಿ ತಂದು ಈಚೆ ಇಡುತ್ತಾನೆ, ಅವಳು ಅದನ್ನು ಆಚೆ ಎಳೆಯುತ್ತಾಳೆ, ಇವನು ಮತ್ತೆ ಈಚೆ ತರುತ್ತಾನೆ. ನಮ್ಮ ಅಡುಗೆಮನೆಯ ಕಪಾಟು ಎಲ್ಲಿರಬೇಕು ಎಂದು ಅಪ್ಪ ಮತ್ತು ಅಮ್ಮ ಹೀಗೇ ಎರಡು ವರ್ಷ ಎಳೆದಾಡಿದ್ದರು. ಆ ಮಾತನ್ನು ನಾನು ಎತ್ತಲಿಲ್ಲ.

ಇದು ಬಾಲ್ಡ್ ಈಗಲ್. ಬೋಳು ಹದ್ದು ಎಂದು ಮಗ ಹೇಳಿಕೊಟ್ಟಾಗ ಅಮ್ಮ ಒಪ್ಪಲಿಲ್ಲ. "ತಲೆ ತುಂಬ ಬಿಳಿ ಗರಿ ಉಂಟಲ್ಲ, ಬೋಳು ಎಲ್ಲಿ?" ಕೇಳಿದ್ದು ಸರಿಯೇ. ಹಳೆಯ ಇಂಗ್ಲಿಷಿನಲ್ಲಿ ಆ ಮಾತಿಗೆ ಬಿಳಿ ಎಂಬ ಅರ್ಥವೂ ಇತ್ತಂತೆ. ಬಿಳಿ ತಲೆ, ಕಂದು ಮೈ, ಮೀನಿನ ಚಪಲ. ಅಮ್ಮನ ಪ್ರಕಾರ ಅದು ನಮ್ಮ ಗರುಡನ ದೊಡ್ಡಪ್ಪನ ಮಗ, ಚಿಕ್ಕಂದಿನಲ್ಲೇ ಊರು ಬಿಟ್ಟು ಹೋದವನು.

ಆದರೆ ಅಷ್ಟು ದೊಡ್ಡ ಹಕ್ಕಿಯ ಸ್ವರ ಕೇಳಿದರೆ ಪಾಪ ಅನಿಸುತ್ತದೆ. ಕಿಚಿಕಿಚಿ ಎನ್ನುತ್ತದೆ, ಅಷ್ಟೇ. ಹಾಲಿವುಡ್ ಸಿನಿಮಾಗಳಲ್ಲಿ ಹದ್ದು ಹಾರಿದಾಗ ಕೇಳುವ ಆ ಉದ್ದದ ಕೀರಲು ಕೂಗು ಹೆಚ್ಚಾಗಿ ಕೆಂಪು ಬಾಲದ ಇನ್ನೊಂದು ಗಿಡುಗನದ್ದು. ಡಬ್ಬಿಂಗ್ ಅಲ್ಲೂ ಉಂಟು! ಆ ಕೆಂಪು ಬಾಲದವರ ಸಂಸಾರವನ್ನೂ ನೋಡಬಹುದು. ಅಮೆರಿಕದ ಇಥಾಕಾದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಆಟದ ಮೈದಾನದ ದೀಪದ ಕಂಬದಲ್ಲಿ ಗೂಡು, 2012ರಿಂದ ಅಲ್ಲಿ ಕ್ಯಾಮೆರಾ ಉಂಟು. ಅಮ್ಮ ಎರಡು ದಿನ ನೋಡಿ ಬೇಡ ಎಂದರು. ಆ ಗೂಡಿಗೆ ಇಲಿ, ಅಳಿಲು ಬರುತ್ತದೆ. ಮೀನಿಲ್ಲ.

ಬಿಗ್ ಬೇರ್‌ನ ಜೋಡಿಯ ಹಿಂದಿನ ವರ್ಷದ ಕತೆಯನ್ನು ಮಗ ಹೇಳಿದ್ದೇ ಅಮ್ಮನನ್ನು ಹಿಡಿದು ಕೂರಿಸಿದ್ದು. 2024ರಲ್ಲಿ ಮೂರು ಮೊಟ್ಟೆ ಇಟ್ಟಿತ್ತು ಜಾಕಿ. ಐದಾರು ವಾರದಲ್ಲಿ ಒಡೆಯಬೇಕು. ಒಡೆಯಲಿಲ್ಲ. ಹಿಮ ಬಿತ್ತು, ಬೆನ್ನ ಮೇಲೆ ಹಿಮ ಹೊತ್ತುಕೊಂಡೇ ಕೂತಿತು. ಎರಡು ತಿಂಗಳು ಕಳೆದರೂ ಗಂಡ ಹೆಂಡತಿ ಸರದಿ ಬಿಡಲಿಲ್ಲ. ಅದಕ್ಕೇ 2025ರ ಮಾರ್ಚ್ ಆರಂಭದಲ್ಲಿ ಮೂರು ಮರಿ ಒಂದರ ಹಿಂದೆ ಒಂದು ಹೊರಗೆ ಬಂದಾಗ ಅಮ್ಮ ದೇವರಿಗೆ ತುಪ್ಪದ ದೀಪ ಇಟ್ಟದ್ದು. ಮೊದಲು ಹುಟ್ಟಿದ್ದು ಚಿಕ್ಕದರ ತಲೆಗೆ ಕುಟ್ಟುತ್ತಿತ್ತು. "ಪಾಲು ಪಂಚಾಯಿತಿ ಈಗಲೇ ಶುರು" ಎಂದರು.

ಮಾರ್ಚ್ ಮಧ್ಯದಲ್ಲಿ ಅಲ್ಲಿ ಹಿಮಗಾಳಿ. ಮರುದಿನ ಎರಡೇ ತಲೆ ಕಂಡವು. ಮಗ ನಾಲ್ಕು ಸಲ ಹಿಂದೆ ಮುಂದೆ ಓಡಿಸಿ ಎಣಿಸಿದ. ಅಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಹಾಗೆಯೇ ಕೂತರು. ಆಮೇಲೆ, "ಇಷ್ಟು ಜನ ನೋಡುತ್ತಿದ್ದಾರೆ, ಒಬ್ಬನಿಗಾದರೂ ಒಂದು ತಗಡು ಹೊದಿಸಲಿಕ್ಕೆ ಆಗಲಿಲ್ಲವಾ?" ಕೈ ಹಾಕಬಾರದು, ನೋಡಬಹುದು ಅಷ್ಟೇ, ಅದು ಅಲ್ಲಿಯ ನಿಯಮ ಎಂದೆ. "ಅದೆಂತ ನೋಡುವುದು ಮಾರಾಯ" ಎಂದು ಎದ್ದು ಹೋದರು. ಮೂರು ದಿನ ನಮ್ಮ ಟಿ.ವಿ. ಬಂದ್.

ಮೂರನೆಯ ದಿನವೇ ಇರಬೇಕು, ಅಮ್ಮ ಬಾವಿಕಟ್ಟೆಯ ಹತ್ತಿರ ನಿಂತು ತೆಂಗಿನ ಮರವನ್ನು ನೋಡುತ್ತಿದ್ದದ್ದು. ಆ ಮರದಲ್ಲಿ ಗರುಡನ ಗೂಡು ಇರುವುದು ನಮಗೆಲ್ಲ ಗೊತ್ತಿತ್ತು. ಕಾಯಿ ಕೀಳುವವನು ಜನವರಿಯಲ್ಲೇ ಹೇಳಿ ಹೋಗಿದ್ದ, "ಈ ಮರ ನಾನು ಹತ್ತುವುದಿಲ್ಲ, ನನಗೂ ಮಕ್ಕಳಿದ್ದಾರೆ." ಶಾಪಕ್ಕೆ ಹೆದರಿದನೋ ಕೊಕ್ಕಿಗೋ ಕೇಳಲಿಲ್ಲ. ಕಾಯಿ ತಾನಾಗಿ ಬೀಳುತ್ತಿತ್ತು. ಅದರ ಅಡಿಯಲ್ಲಿ ಬಟ್ಟೆ ಒಣಗಿಸುವುದನ್ನು ಬಿಟ್ಟಿದ್ದೆವು. ಅಷ್ಟೇ ನಮಗೂ ಆ ಗೂಡಿಗೂ ಇದ್ದ ಸಂಬಂಧ. ಸಾವಿರಾರು ಮೈಲಿ ಆಚೆಯ ಮೊಟ್ಟೆಯ ದಿನ ಲೆಕ್ಕ ಇಟ್ಟವರಿಗೆ ತಲೆಯ ಮೇಲಿನ ಗೂಡಿನಲ್ಲಿ ಮರಿ ಒಂದೋ ಎರಡೋ ಗೊತ್ತಿರಲಿಲ್ಲ.

ಮಗ ಸಿ.ಸಿ. ಟಿ.ವಿ. ಹಾಕೋಣ ಎಂದ. ಹತ್ತುವವರು ಯಾರು? ಮತ್ತೆ ಮರಿ ಇರುವ ಹೊತ್ತಿಗೆ ಹತ್ತಲೂಬಾರದು. ಬಿಗ್ ಬೇರ್‌ನಲ್ಲೂ ಗೂಡಿನ ಕಾಲದಲ್ಲಿ ಮರದ ಹತ್ತಿರ ಯಾರನ್ನೂ ಬಿಡುವುದಿಲ್ಲ. ಕ್ಯಾಮೆರಾ ಬೇಡ ಎಂದ ಮೇಲೆ ಅಮ್ಮ ಬೇರೆ ದಾರಿ ಹಿಡಿದರು. ದಿನಾ ಬೆಳಿಗ್ಗೆ ಅಂಗಳ ಗುಡಿಸಿ, ಹಿಡಿಸೂಡಿ ಹಿಡಿದುಕೊಂಡೇ ಮರದ ಬುಡಕ್ಕೆ ಹೋಗಿ ಬಿದ್ದದ್ದನ್ನು ನೋಡುವುದು. ಬಂಗುಡೆಯ ಬಾಲ, ಏಡಿಯ ಚಿಪ್ಪು, ನೀಲಿ ಬಲೆಯ ತುಂಡು. ಒಂದು ದಿನ ಕೋಳಿಯ ಕಾಲು. ಮೀನಿನ ತಲೆ ಕಂಡರೆ ಮಲ್ಪೆಯಲ್ಲಿ ಬೋಟು ಬಂದಿದೆ ಎಂದು ಲೆಕ್ಕ. ಒಮ್ಮೆ "ಇವತ್ತು ಭೂತಾಯಿ ಮೀನು ಅಗ್ಗ ಇರಬೇಕು, ಇವು ಅರ್ಧಂಬರ್ಧ ತಿಂದು ಎಸೆದಿವೆ" ಎಂದು ನನ್ನನ್ನು ಪೇಟೆಗೆ ಓಡಿಸಿದರು. ನಿಜಕ್ಕೂ ಅಗ್ಗವಿತ್ತು.

ಕೋಳಿಯ ಕಾಲಿನ ವಿಷಯ ಮಾತ್ರ ನಮ್ಮಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಪಕ್ಕದ ಮನೆಯ ಅಕ್ಕನ ಎರಡು ಕೋಳಿಮರಿ ಹೋಗಿದ್ದವು. ಅಮ್ಮನ ಕಾನೂನಿನಲ್ಲಿ ಮರಿ ಕದಿಯುವುದು ಗಿಡಿ, ಅಂದರೆ ಕಪ್ಪು ಹದ್ದು. ಗರುಡ ಕದಿಯುವುದಿಲ್ಲ, ಅವನು ದೇವರ ವಾಹನ. ರಥಬೀದಿಯಲ್ಲಿ ತೇರು ಎಳೆಯುವಾಗ ಮೇಲೆ ಸುತ್ತುವವನು ಕೋಳಿಗೂಡಿಗೆ ಇಳಿಯುತ್ತಾನಾ? ಹಕ್ಕಿ ಎರಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಗಿಡಿಯ ಬಾಲ ಕವಲು, ಗರುಡನ ಬಾಲ ದುಂಡು. ನಾನು ಕಂಡದ್ದು ದುಂಡು. "ನಿನ್ನ ಕನ್ನಡಕದ ನಂಬರು ನೋಡಿಸಿಕೋ" ಎಂದರು ಅಮ್ಮ.

ಹಿತ್ತಿಲಿನ ಹಕ್ಕಿ ಕಾಣಿಸುವುದೇ ಹೀಗೆ, ವಾದ ಮಾಡುವಷ್ಟು ಮಾತ್ರ. ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಒಮ್ಮೆ ಬಿಳಿ ಹೊಟ್ಟೆಯ ಕಡಲ ಹದ್ದು ಕಡಲ ಹಾವನ್ನು ಹಿಡಿದು ಹೋಗುವುದನ್ನು ಕಂಡಿದ್ದೇನೆ. ಎರಡು ಮೀಟರಿನಷ್ಟು ರೆಕ್ಕೆ, ಅದರ ಅಡಿಯಲ್ಲಿ ನೇತಾಡುವ ಹಾವು. ನಾನು ಸ್ಕೂಟರ್ ನಿಲ್ಲಿಸಿ ಸ್ಟ್ಯಾಂಡ್ ಹಾಕುವುದರೊಳಗೆ ಗಾಳಿಮರಗಳ ಆಚೆ ಹೋಗಿತ್ತು. ಅದನ್ನು ಹನ್ನೆರಡು ಸಲವಾದರೂ ಹೇಳಿದ್ದೇನೆ. ಪ್ರತಿ ಸಲ ಹಾವು ಒಂದು ಗೇಣು ಬೆಳೆದಿದೆ.

ಬಿಗ್ ಬೇರ್‌ನ ಉಳಿದ ಎರಡು ಮರಿಗಳಿಗೆ ಅಲ್ಲಿಯ ಮೂರನೆಯ ಕ್ಲಾಸಿನ ಮಕ್ಕಳು ಸನ್ನಿ, ಗಿಜ್ಮೋ ಎಂದು ಹೆಸರಿಟ್ಟರು. ಜೂನ್ ಮೊದಲ ವಾರದಲ್ಲಿ ಅವು ಗೂಡು ಬಿಟ್ಟು ಹಾರಿದವು. ನಮ್ಮದು ಯಾವಾಗ ಹಾರಿತೋ ಯಾರೂ ನೋಡಲಿಲ್ಲ. ಏಪ್ರಿಲ್ ಕೊನೆಗೆ ಮರದ ಬುಡದಲ್ಲಿ ಮೀನಿನ ಮುಳ್ಳು ಬೀಳುವುದು ನಿಂತಿತು. ಅಮ್ಮ ನಾಲ್ಕು ದಿನ ಹೋಗಿ ಹೋಗಿ ನೋಡಿ ಬಂದರು. ಮಾತಾಡಲಿಲ್ಲ.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಪಂಪ್‌ಶೆಡ್ಡಿನ ಮಾಡಿನ ಮೇಲೆ ಕಂದು ಬಣ್ಣದ ಹಕ್ಕಿಯೊಂದು ಕೂತು ರಗಳೆ ಮಾಡುತ್ತಿತ್ತು. ಹಟ ಹಿಡಿದ ಮಗುವಿನ ಹಾಗೆ ಎಳೆದು ಎಳೆದು ಕೂಗು. ಕಾಜಾಣವೊಂದು ಬಂದು ಅದರ ತಲೆಗೆ ಕುಕ್ಕಿ ಹೋಯಿತು. ಅಮ್ಮ ಹಿಡಿಸೂಡಿ ಎತ್ತಿ, "ಹೋ! ಹೋ! ಗಿಡಿ ಬಂತು, ಅಕ್ಕನ ಕೋಳಿಮರಿ ನೋಡಿ" ಎಂದು ಕೂಗಿದರು. ಅದು ಹಾರುವಾಗ ಬಾಲ ಬಿಚ್ಚಿತು. ದುಂಡು ಬಾಲ. ಬಿಳಿ ತಲೆ ಬರುವುದು ದೊಡ್ಡವಾದ ಮೇಲೆ, ಮರಿ ಕಂದೇ ಇರುತ್ತದೆ ಎಂದೆ. ಅಮ್ಮ ಸೂಡಿ ಕೆಳಗಿಟ್ಟರು. ಅಷ್ಟರಲ್ಲಿ ಹೊಳೆಯ ಕಡೆಯಿಂದ ಬಿಳಿ ತಲೆಯ ದೊಡ್ಡ ಗರುಡ ಬಂತು, ಕಾಲಿನಲ್ಲಿ ಏನೋ ಹೊಳೆಯುವುದು. ಮರಿ ಮತ್ತೆ ಮಾಡಿಗೆ ಇಳಿದು ಬಾಯಿ ತೆರೆಯಿತು. ಅಮ್ಮ ಕೈ ಮುಗಿದರು. ಮುಗಿದ ಕೈಯಲ್ಲೇ ನನ್ನ ಕಡೆ ತಿರುಗಿ ಪಿಸುಗುಟ್ಟಿದರು:

"ಅದು ಎಂತ ಮೀನು? ಮೆಲ್ಲ ಹೋಗಿ ನೋಡು."