ಹಸಿದವರ ಪಾಲಿಗೂ ಕೈ ಹಾಕ್ತಾರಲ್ಲ!

ಅಮೆರಿಕದ ಸ್ನ್ಯಾಪ್ ಯೋಜನೆಯಲ್ಲಿ ಸರ್ಕಾರ ಪ್ರತಿ ತಿಂಗಳು ಬಡವರ ಕಾರ್ಡಿಗೆ ಹಣ ಹಾಕುತ್ತದೆ. ಅದು ಆಹಾರಕ್ಕೆ ಮಾತ್ರ. ಆದರೆ ಕೆಲವು ಅಂಗಡಿಯವರು ಏನೂ ಮಾರದೆ ಸುಮ್ನೆ ಕಾರ್ಡ್ ಉಜ್ಜುತ್ತಾರೆ. ಅದರಲ್ಲಿ ಕಾರ್ಡಿನವರಿಗೆ ಒಂದಿಷ್ಟು ನಗದು ಕೊಟ್ಟು, ಉಳಿದದ್ದನ್ನು ತಾವೇ ನುಂಗುತ್ತಾರೆ. ಮೈ ಉರಿಯುತ್ತದೆ. ಮಕ್ಕಳ ಊಟದ ದುಡ್ಡು ಅದು!

ಇನ್ನು ಈ ಹಣ ಪಡೆಯಲು ಬೇಕಂತಲೇ ಆದಾಯ ಮುಚ್ಚಿಟ್ಟವರಿಗೆ ಸಾಮಾನ್ಯವಾಗಿ ಮೊದಲ ಸಲ 1 ವರ್ಷ, ಎರಡನೇ ಸಲ 2 ವರ್ಷ ಸೌಲಭ್ಯ ಬಂದ್. ಮೂರನೇ ಸಲ ಕಾಯಂ ಆಗಿ ಹೊರಗೆ. ಸರಿಯೇ ಇದೆ.

ನನಗೆ ಇನ್ನೂ ಜಾಸ್ತಿ ಸಂಕಟ ಆಗುವುದು ಬೇರೆ ವಿಷಯಕ್ಕೆ. ಅರ್ಜಿ ತುಂಬುವಾಗ ಗೊತ್ತಿಲ್ಲದೆ ತಪ್ಪಿದವರನ್ನೂ ಜನ ಕಳ್ಳರ ಜೊತೆ ಸೇರಿಸುತ್ತಾರೆ. ಎಷ್ಟೋ ತಪ್ಪು ಕಚೇರಿಯಲ್ಲೇ ಆಗಿರುತ್ತದೆ, ಅಲ್ವಾ? ಮೊದಲು ಆ ಅಂಗಡಿಗಳನ್ನು ಹಿಡಿಯಿರಿ.